ಗೆಕ್‌ಲುಯಿಯೊಡನೆ ಪೇಟೆ ಜಗಳ ಬಿಟ್ಟದ್ದು

ಶಾಂತೌ ಬಂದರಿನ ಹಳೇ ಪೇಟೆಯಲ್ಲಿ ಗೆಕ್‌ಲುಯಿಯ ಬಾಯಿಗೆ ಸಿಗದೆ ಉಳಿದವರು ಯಾರೂ ಇರಲಿಲ್ಲ. ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ಮಾರುವುದು ಅವಳ ಕಸುಬು. ಅಂಗಡಿ ಅಂದರೆ ಒಂದೇ ಕೋಣೆ. ಅದರ ತುಂಬ ಸೊಂಟದೆತ್ತರದ ಭರಣಿಗಳು, ಸೊಪ್ಪು ಮೇಲೇಳದ ಹಾಗೆ ಅವುಗಳೊಳಗೆ ಹೇರಿದ ಹೊಳೆಗಲ್ಲುಗಳು, ನಡುವೆ ಗಿಡ್ಡ ಸ್ಟೂಲಿನ ಮೇಲೆ ಮೊಣಕೈವರೆಗೆ ಒದ್ದೆಯಾದ ಗೆಕ್‌ಲುಯಿ. ಬೆಳಗಿನ ಗಂಜಿಗೆ ನಂಜಿಕೊಳ್ಳಲು ಅರ್ಧ ಪೇಟೆ ಅವಳ ಹತ್ತಿರವೇ ಬರಬೇಕು. ಉಪ್ಪು ಜಾಸ್ತಿಯಾಯಿತು ಅಂದವನಿಗೆ "ಮೊದಲು ನಾಲಿಗೆ ತೊಳ್ಕೊಂಡು ಬಾ" ಎನ್ನುವಳು. ದಂಟು ಎಳೆಯದಲ್ಲ ಅಂದವಳಿಗೆ "ನೀನೇನು ಎಳೇದಾ?" ಎನ್ನುವಳು. ಬೈಸಿಕೊಂಡವರು ಮಾರನೆಯ ದಿನ ಮತ್ತೆ ಬರುತ್ತಿದ್ದರು, ಏಕೆಂದರೆ ಉಪ್ಪಿನಕಾಯಿ ಚೆನ್ನಾಗಿತ್ತು, ಬೈಗುಳವೂ ಚೆನ್ನಾಗಿತ್ತು.

ಅವಳು ಹುಟ್ಟಿದ್ದು ನಾನ್‌ಆವೋ ದ್ವೀಪದಲ್ಲಿ. ಮದುವೆಯಾದದ್ದೂ ಜಗಳದ ಕೃಪೆಯಿಂದಲೇ. ದ್ವೀಪದಿಂದ ಸೊಪ್ಪಿನ ಬುಟ್ಟಿ ಹೊತ್ತು ದೋಣಿಗೆ ಬಂದ ಹುಡುಗಿಯನ್ನು ದೋಣಿಯ ಎಂಜಿನ್ ಕೆಲಸದ ಎಂಗ್ ಬಾಖಿಮ್ ತಡೆದು, ಬುಟ್ಟಿ ದಾರಿಗೆ ಅಡ್ಡ, ತೆಗೆ ಎಂದ. ಅವಳು ಶಾಂತೌ ದಂಡೆ ಬರುವವರೆಗೂ ಅವನನ್ನೂ ಅವನ ದೋಣಿಯನ್ನೂ ಅವನ ಎಂಜಿನ್ನಿನ ಹೊಗೆಯನ್ನೂ ಬೈದಳು. ಬಾಖಿಮ್ ಒಂದು ಮಾತೂ ಎದುರಾಡಲಿಲ್ಲ, ಇಳಿಯುವಾಗ ಬುಟ್ಟಿ ಎತ್ತಿಕೊಟ್ಟ. ಮುಂದಿನ ವರ್ಷ ಮದುವೆಯಾಯಿತು. ಅವನು ಅಂದಿನಿಂದ ಇಂದಿನವರೆಗೂ ಎದುರಾಡಿದವನಲ್ಲ. ದೋಣಿಯ ಕೆಲಸ ಮುಗಿಸಿ ಮನೆಯಲ್ಲಿ ಕೂತ ಮೇಲೆ ಅಂಗಡಿಯ ಹಿಂಭಾಗದಲ್ಲಿ ಚಹಾದ ತಟ್ಟೆ ಇಟ್ಟುಕೊಂಡು, ಕೆಟಲ್ ಕುದಿಸುತ್ತಾ, ಬಂದವರಿಗೆಲ್ಲ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಕುದಿಕುದಿಯುವ ಚಹಾ ಸುರಿಯುವುದೇ ಅವನ ಕೆಲಸ. ನಮ್ಮ ಕಡೆ, ಆರಿದ ಚಹಾ ಕೊಟ್ಟರೆ ಬಂದವರಿಗೆ ಅವಮಾನ ಮಾಡಿದ ಹಾಗೆ.

ಆದರೆ ನಿಜವಾದ ಜಗಳವೆಂದರೆ ಎದುರಂಗಡಿಯ ಸೈಹುವೆಯೊಡನೆ. ಸೈಹುವೆ ಉಪ್ಪುಮೂಲಂಗಿ ಒಣಗಿಸಿ ಮಾರುವವಳು. ಎರಡು ಅಂಗಡಿಗಳ ನಡುವೆ ಒಂದು ತುಂಡು ಸಿಮೆಂಟು ಅಂಗಳ, ಅದರ ಅರ್ಧಕ್ಕೆ ಮಾತ್ರ ಮಧ್ಯಾಹ್ನದ ಬಿಸಿಲು. ಆ ಬಿಸಿಲು ಯಾರದ್ದೆಂದು ಇಬ್ಬರೂ ಮೂವತ್ತು ವರ್ಷ ಕಿತ್ತಾಡಿದ್ದಾರೆ. ಗೆಕ್‌ಲುಯಿ ಸೊಪ್ಪು ಬಾಡಿಸಲು ಚಾಪೆ ಹಾಸಿದರೆ ಸೈಹುವೆ ಅದನ್ನು ಕಾಲಿನಿಂದ ಸರಿಸುವಳು. "ಉಪ್ಪಿನ ಮುದುಕಿ!" ಎಂದು ಇವಳು, "ಮೂಲಂಗಿ ಮೋರೆ!" ಎಂದು ಅವಳು. ಅವರ ಗಂಡಂದಿರು ಒಟ್ಟಿಗೆ ಕೂತು ಚಹಾ ಕುಡಿಯುತ್ತಿದ್ದರು.

ಅರವತ್ತಮೂರರ ವಯಸ್ಸಿನಲ್ಲಿ ಗೆಕ್‌ಲುಯಿಗೆ ಅನ್ನ ಇಳಿಯುವುದು ಕಷ್ಟವಾಯಿತು. ಎದೆಯ ನಡುವೆ ಏನೋ ಹಿಡಿದ ಹಾಗೆ. ಅನ್ನ ಬಿಟ್ಟು ಗಂಜಿಗೆ ಬಂದಳು. ಗಂಜಿಯೂ ನಿಂತಿತು. ಬಿಸಿ ಚಹಾ ಕುಡಿದರೆ ಸರಿಹೋಗುತ್ತದೆಂದು ಇನ್ನಷ್ಟು ಬಿಸಿ ಕುಡಿದಳು. ಚೆಂಗ್‌ಹಾಯ್‌ನಲ್ಲಿ ಆಟಿಕೆ ಅಚ್ಚುಗಳ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದ ಮಗ ತೆಖಾಯಿ ಹಬ್ಬಕ್ಕೆ ಬಂದವನು ಅಮ್ಮ ಮೀನಿನ ಉಂಡೆಯೊಂದನ್ನು ನುಂಗಲಾರದೆ ಬಟ್ಟಲಿಗೆ ಉಗುಳಿದ್ದನ್ನು ನೋಡಿ, ಬೈಸಿಕೊಂಡೇ ಅವಳನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದ.

ಗಂಟಲಲ್ಲಿ ಕೊಳವೆ ಇಳಿಸಿ ನೋಡಿದರು. ಚೂರು ಮಾಂಸ ಚಿವುಟಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ಡಾಕ್ಟರ್ ಕೌ ಗೆಕ್‌ಲುಯಿಯತ್ತ ಮುಗುಳ್ನಕ್ಕು, "ಸಿಮ್, ನೀವು ಹೊರಗೆ ಕೂತಿರಿ, ಮನೆಯವರ ಹತ್ರ ಸ್ವಲ್ಪ ಮಾತಾಡ್ತೀನಿ" ಎಂದಳು. ಸಿಮ್ ಅಂದರೆ ಚಿಕ್ಕಮ್ಮ, ಪೇಟೆಯೆಲ್ಲ ಅವಳನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಗೆಕ್‌ಲುಯಿ ಹೊರಗೆ ಬೆಂಚಿನ ಮೇಲೆ ಕೂತು ಪಕ್ಕದವಳ ಮಗು ಅಳುವುದಕ್ಕೆ ಆ ತಾಯಿಯನ್ನು ಬೈದಳು. ಒಳಗೆ ಗಂಡನಿಗೂ ಮಗನಿಗೂ ಅವಳ ಅನ್ನನಾಳದಲ್ಲಿ ಕ್ಯಾನ್ಸರ್ ಇದೆ, ಕುತ್ತಿಗೆಯ ಗಂಟುಗಳಿಗೂ ಹೋಗಿದೆ, ಕೊಯ್ದು ತೆಗೆಯುವ ಹಂತ ದಾಟಿದೆ ಎಂದು ಹೇಳಲಾಯಿತು. ಅಪ್ಪ ಮಗ ಮೆಟ್ಟಿಲ ಹತ್ತಿರ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು, "ಅನ್ನನಾಳ ಊದ್ಕೊಂಡಿದೆ ಅಷ್ಟೇ" ಎಂದರು.

ಇದು ನಮ್ಮ ಕಡೆಯ ರೀತಿ. ಕಾಯಿಲೆ ಅಮ್ಮನದು, ಸುದ್ದಿ ಮಗನದು. ಹೇಳಿದರೆ ಎದೆಯೊಡೆದು ಇನ್ನೂ ಬೇಗ ಸಾಯುತ್ತಾರಂತೆ, ಆದ್ದರಿಂದ ಹೇಳದಿರುವುದೇ ಪ್ರೀತಿಯಂತೆ. ಡಾಕ್ಟರೂ ಹಾಗೇ, ನರ್ಸೂ ಹಾಗೇ, ಎಲ್ಲರೂ ಸೇರಿ ಒಬ್ಬಳ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುತ್ತಾರೆ, ಎಡವಿದರೆ ಅಯ್ಯೋ ಪಾಪ ಎನ್ನುತ್ತಾರೆ. ಈ ಪ್ರೀತಿಗೆ ಬೆಂಕಿ ಬೀಳಲಿ ಎಂದು ಎಷ್ಟೋ ಸಲ ಅನ್ನಿಸಿದೆ.

ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳುವುದು ಶುರುವಾಯಿತು. "ಏನಿದು?" ಎಂದು ಅವಳು ಕೇಳಿದಾಗ ತೆಖಾಯಿ, "ಮೈಯಲ್ಲಿ ರೋಗ ತಡೆಯೋ ಶಕ್ತಿ ಜಾಸ್ತಿ ಮಾಡೋ ಔಷಧ ಅಮ್ಮ" ಎಂದ. ಸುಳ್ಳಿನಲ್ಲಿ ಅರ್ಧ ನಿಜವಿತ್ತು. ಅದು ಇಮ್ಯುನೋಥೆರಪಿ. ಕೂದಲು ಹೋಗಲಿಲ್ಲ, ವಾಂತಿಯಿಲ್ಲ. ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯವರು ಊಟ, ಮೊಮ್ಮಕ್ಕಳು, ಹವಾಮಾನ ಎಲ್ಲ ಮಾತಾಡುವರು, ನಿನಗೇನು ಕಾಯಿಲೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಎರಡೇ ವರ್ಷ ಶಾಲೆಗೆ ಹೋಗಿದ್ದ ಗೆಕ್‌ಲುಯಿ ಬಾಗಿಲ ಮೇಲಿನ ಫಲಕ ಓದಲು ಹೋದಾಗಲೆಲ್ಲ ಮಗ ಏನೋ ತೋರಿಸಿ ಆಚೆ ತಿರುಗಿಸುತ್ತಿದ್ದ.

ಔಷಧ ಕೆಲಸ ಮಾಡಿತು, ಅದನ್ನು ಹೇಳಲೇಬೇಕು. ಮೂರನೆಯ ಡ್ರಿಪ್ಪಿನ ಹೊತ್ತಿಗೆ ಗಂಜಿ ಸಲೀಸಾಗಿ ಇಳಿಯಿತು. ಆಮೇಲೆ ಅನ್ನ, ಆಮೇಲೆ ಒಂದು ದಿನ ಬಾತುಕೋಳಿಯ ಮಾಂಸ. ಗೆಕ್‌ಲುಯಿ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಳು: "ನನ್ನ ಮಗ ಎಂಥ ಡ್ರಿಪ್ ಹಾಕಿಸ್ತಾನೆ ನೋಡಿ. ಎತ್ತಿನ ಹಾಗಾಗಿದೀನಿ. ನಿಮ್ಮ ಮಕ್ಕಳಿಗೂ ಹೇಳಿ, ಬರೀ ಹಬ್ಬಕ್ಕೆ ಕಿತ್ತಳೆ ತಂದು ಕೊಟ್ಟರೆ ಆಗಲ್ಲ!"

ಪೇಟೆ ಹೌದು ಹೌದು ಎಂದು ತಲೆಯಾಡಿಸಿತು. ಅಲ್ಲೇ ಅವಳಿಗೆ ಮೊದಲ ಸಲ ಏನೋ ಸರಿಯಿಲ್ಲ ಅನ್ನಿಸಿದ್ದು. ನಮ್ಮ ಪೇಟೆ ಯಾರ ಬಡಾಯಿಗೂ ಹೌದು ಅನ್ನುವಂಥದ್ದಲ್ಲ.

ಮೀನಿನವನ ಹತ್ತಿರ ಹೋಗಿ ಮೀನು ನಾರುತ್ತಿದೆ ಎಂದಳು. ಮೀನು ಇನ್ನೂ ಬಾಲ ಬಡಿಯುತ್ತಿತ್ತು. ಬೇರೆ ದಿನವಾಗಿದ್ದರೆ ಅವನು ಕತ್ತಿ ಕೆಳಗಿಟ್ಟು ಕುಸ್ತಿಗೇ ಬರುತ್ತಿದ್ದ. ಇವತ್ತು, "ಇರಬಹುದು ಸಿಮ್, ನಿಮಗೆ ಬೇರೇದು ಕೊಡ್ತೀನಿ" ಎಂದು ಒಳ್ಳೆಯ ತುಂಡು ಆರಿಸಿ ಎಲೆಯಲ್ಲಿ ಸುತ್ತಿದ.

"ಏನೋ ನಿನಗೆ ಬಂದಿರೋ ರೋಗ?" ಎಂದಳು ಗೆಕ್‌ಲುಯಿ.

ಅವನು ಬೆಚ್ಚಿ ಬಿದ್ದವನಂತೆ ನೋಡಿದ. "ರೋಗ ಎಲ್ಲಿಂದ ಸಿಮ್, ಯಾರಿಗೂ ರೋಗ ಇಲ್ಲ, ನೀವು ಚೆನ್ನಾಗಿರಿ" ಎಂದು ತಡವರಿಸಿದ.

ಉಪ್ಪು ಜಾಸ್ತಿ ಎನ್ನುವವರು ನಿಂತೇಹೋದರು. ಅವಳು ಬೈದರೆ ನಗುತ್ತಿದ್ದರು, ಅದೂ ಮಕ್ಕಳನ್ನು ನೋಡಿ ನಗುವಂಥ ನಗು. ಸಾಲಿನಲ್ಲಿ ಮುಂದೆ ಬಿಡುತ್ತಿದ್ದರು. ಮಜಾಂಗ್ ಆಟದಲ್ಲಿ ಬೇಕೆಂದೇ ಸೋಲುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದು ಸೈಹುವೆಯದು. ಒಂದು ಮಧ್ಯಾಹ್ನ ಅವಳೇ ತನ್ನ ಮೂಲಂಗಿಯ ಚಾಪೆಯನ್ನು ನೆರಳಿಗೆಳೆದುಕೊಂಡು, "ಆಸೋ, ಬಿಸಿಲು ನೀವು ತಗೊಳ್ಳಿ" ಎಂದಳು. ಆಸೋ! ಅತ್ತಿಗೆ ಎಂದು ಮರ್ಯಾದೆ ಕೊಟ್ಟು! ಮೂವತ್ತು ವರ್ಷ ಉಪ್ಪಿನ ಮುದುಕಿ ಅಂದ ಬಾಯಿ! ಗೆಕ್‌ಲುಯಿಗೆ ಮೈಯೆಲ್ಲ ಉರಿದುಹೋಯಿತು. ಚಾಪೆ ಹಾಸದೆ ಒಳಗೆ ಬಂದು ಭರಣಿಯ ಅಂಚು ಹಿಡಿದು ನಿಂತಳು. ಯಾರನ್ನು ಹೀಗೆ ನಡೆಸಿಕೊಳ್ಳುತ್ತಾರೆ ಎಂದು ಯೋಚಿಸಿದಳು. ಉತ್ತರ ಗೊತ್ತಿತ್ತು, ಮುಂದಕ್ಕೆ ಯೋಚಿಸಲು ಹೆದರಿಕೆಯಾಯಿತು, ಕಲ್ಲು ಎತ್ತಿ ಸೊಪ್ಪು ತಿರುವಲು ಶುರು ಮಾಡಿದಳು.

ಆ ಹೊತ್ತಿಗೆ ಹೊಟ್ಟೆ ಕೆಟ್ಟಿತು. ಮೊದಲು ದಿನಕ್ಕೆರಡು ಸಲ, ಆಮೇಲೆ ಅಂಗಡಿ ಬಿಟ್ಟು ಓಡುವ ಹಾಗೆ. ಬಾಖಿಮ್ ಒಳಗಿನ ಉಷ್ಣ ಹೊರಗೆ ಹೋಗುತ್ತಿದೆ ಎಂದು ಕಹಿ ಬೇರುಗಳನ್ನು ಕುದಿಸಿ ತಂಪಿನ ಕಷಾಯ ಮಾಡಿಕೊಟ್ಟ. ಅವಳೂ ಅದನ್ನೇ ನಂಬಿ ಮೂಗು ಹಿಡಿದು ಕುಡಿದಳು. ಚೆಂಗ್‌ಹಾಯ್‌ನಿಂದ ಮಗ ಫೋನು ಮಾಡಿ "ಅಮ್ಮ, ಆರಾಮಾ?" ಎಂದರೆ "ಆರಾಮು, ನೀನು ಕೆಲಸ ನೋಡ್ಕೋ" ಎನ್ನುವಳು. ಸಂಸಾರವಂದಿಗ ಮಗನಿಗೆ ಫೋನಿನಲ್ಲಿ ಕಕ್ಕಸಿನ ಸುದ್ದಿ ಹೇಳುತ್ತಾರೆಯೇ? ಮಗ ಅದನ್ನೇ ಆಸ್ಪತ್ರೆಯ ನರ್ಸಿಗೆ ದಾಟಿಸುವನು: ಅಮ್ಮ ಆರಾಮಾಗಿದ್ದಾರೆ. ಭೇದಿಯಾದರೆ, ಕೆಮ್ಮು ಬಂದರೆ, ಉಸಿರು ಕಟ್ಟಿದರೆ ಆ ಕ್ಷಣವೇ ತಿಳಿಸಿ ಎಂದು ಆಸ್ಪತ್ರೆಯವರು ಮೊದಲ ದಿನವೇ ಎಚ್ಚರಿಕೆ ಕೊಟ್ಟಿದ್ದರು. ಕೊಟ್ಟದ್ದು ಮಗನಿಗೆ. ಭೇದಿಯಾಗುತ್ತಿದ್ದದ್ದು ಅಮ್ಮನಿಗೆ.

ಮಲದಲ್ಲಿ ರಕ್ತ ಕಂಡ ಬೆಳಿಗ್ಗೆ ಗೆಕ್‌ಲುಯಿ ಗಂಡನಿಗೆ ಏನೂ ಹೇಳಲಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಬಂದಳು, ಅಂಗಳ ದಾಟಿದಳು, ಸೈಹುವೆ ಆಗಷ್ಟೇ ಹರಡಿದ್ದ ಮೂಲಂಗಿಯ ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದು ಚರಂಡಿಗೆ ಮಗುಚಿದಳು. ಇಡೀ ವಾರದ ಮೂಲಂಗಿ.

ಮೀನಿನವನು ಕತ್ತಿ ಎತ್ತಿದವನು ಹಾಗೇ ನಿಂತ.

ಸೈಹುವೆ ಹೊರಗೆ ಬಂದಳು. ಚರಂಡಿ ನೋಡಿದಳು. ಅವಳ ಬಾಯಿ ತೆರೆಯಿತು. ಗೆಕ್‌ಲುಯಿ ಕಾಯುತ್ತಿದ್ದಳು, ಒಂದೇ ಒಂದು ಬೈಗುಳ ಬಂದರೆ ಸಾಕು, ತಾನು ಬದುಕುತ್ತೇನೆ ಎಂದು. ಸೈಹುವೆ ಬಾಯಿ ಮುಚ್ಚಿಕೊಂಡು, ಕೂತು, ಚರಂಡಿಯಿಂದ ಒಂದೊಂದೇ ಮೂಲಂಗಿ ಹೆಕ್ಕತೊಡಗಿದಳು.

"ಬೈಯೇ!" ಎಂದಳು ಗೆಕ್‌ಲುಯಿ.

"ಹೋಗ್ಲಿ ಬಿಡಿ ಆಸೋ. ತೊಳೆದ್ರೆ ಆಯ್ತು."

"ಚರಂಡೀಲಿ ಬಿದ್ದದ್ದು ತೊಳೆದು ಮಾರ್ತೀಯಾ, ಹೊಲಸು ಮುಂಡೆ? ಬೈಯೇ ಅಂದೆ!"

"ನಿಮ್ಮ ಹತ್ರ ನಾನು ಹ್ಯಾಗೆ ಜಗಳ ಆಡ್ಲಿ..." ಎಂದು ಸೈಹುವೆ ಮುಖಕ್ಕೆ ಸೆರಗಿನ ಹಾಗೆ ಏಪ್ರನ್ ಒತ್ತಿಕೊಂಡು ಪೇಟೆಯ ನಡುವೆ ಗೊಳೋ ಎಂದು ಅಳುತ್ತಾ ಕೂತುಬಿಟ್ಟಳು.

ಗೆಕ್‌ಲುಯಿ ಅವಳ ಮುಂದೆ ಕುಕ್ಕರಿಸಿದಳು. ದನಿ ತಗ್ಗಿಸಿ ಕೇಳಿದಳು. "ನನಗೇನಾಗಿದೆ?"

"ನನ್ನನ್ನ ಕೇಳ್ಬೇಡಿ."

"ನಿನ್ನನ್ನೇ ಕೇಳ್ತಿರೋದು. ಈ ಊರಲ್ಲಿ ನನಗೆ ಯಾವತ್ತೂ ಸುಳ್ಳು ಹೇಳದೇ ಇರೋಳು ನೀನೊಬ್ಬಳೇ. ನನ್ನ ಮುಖದ ಮೇಲೆ ಎಷ್ಟು ಕೆಟ್ಟ ಕೆಟ್ಟ ಮಾತು ಹೇಳಿದೀಯ! ಇದೊಂದು ಹೇಳು."

ಸೈಹುವೆ ಹೇಳಿದಳು. ಬಾಖಿಮ್ ತನ್ನ ಗಂಡನ ಹತ್ತಿರ ಚಹಾ ಕುಡಿಯುತ್ತಾ ಹೇಳಿದ್ದು, ಗಂಡ ತನಗೆ ಹೇಳಿದ್ದು, ತಾನು ಯಾರಿಗೂ ಹೇಳಬೇಡಿ ಎಂದು ಪೇಟೆಗೆಲ್ಲ ಹೇಳಿದ್ದು. ಆ ಶಬ್ದ ಬಾಯಿಂದ ಬಂದಾಗ ಅವಳು ಗೆಕ್‌ಲುಯಿಯ ಕೈ ಹಿಡಿದುಕೊಂಡಳು. ಗೆಕ್‌ಲುಯಿ ಕೈ ಕಿತ್ತುಕೊಂಡಳು.

"ಯಾವಾಗಿಂದ ಗೊತ್ತು?"

"ಬೇಸಿಗೆಯಿಂದ."

ಈಗ ಚಳಿಗಾಲದ ಉತ್ತರದ ಗಾಳಿ ಬೀಸಿ ಸೊಪ್ಪು ಕುಯ್ಲಿಗೆ ಬಂದಿತ್ತು. ಇಷ್ಟು ದಿನ ಮೀನಿನವನಿಗೆ ಗೊತ್ತಿತ್ತು. ಮಜಾಂಗ್ ಹೆಂಗಸರಿಗೆ ಗೊತ್ತಿತ್ತು. ತಾನು ಡ್ರಿಪ್ಪಿನ ಬಡಾಯಿ ಕೊಚ್ಚಿದಾಗ ಎದುರು ನಿಂತು ತಲೆಯಾಡಿಸಿದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೆಕ್‌ಲುಯಿಗೆ ಸಾವಿನ ಹೆದರಿಕೆಗಿಂತ ಮೊದಲು ನಾಚಿಕೆ ಬಂತು, ನಾಚಿಕೆಯ ಬೆನ್ನಿಗೇ ಕೋಪ. ಅಂಥ ಕೋಪ ಅವಳಿಗೂ ಹೊಸದು. ಅಷ್ಟು ವರ್ಷ ಬೈದದ್ದೆಲ್ಲ ಬರೀ ಬಾಯಿಚಪಲ, ಕೋಪ ಅಂದರೆ ಇದು.

ಬಾಖಿಮ್ ಬಟ್ಟಲುಗಳ ಮೇಲೆ ಬಿಸಿನೀರು ಸುರಿದು ತೊಳೆಯುತ್ತಿದ್ದ.

"ಲಾವ್ ಎಂಗ್," ಎಂದಳು. ಮುದುಕ ಎಂಗ್, ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ. "ನನಗೇನಾಗಿದೆ?"

"ಅದೇ ಹೇಳಿದ್ನಲ್ಲ, ಊತ..."

"ಇನ್ನೊಂದ್ಸಲ ಊತ ಅಂದ್ರೆ ಈ ಕೆಟಲ್ ನಿನ್ನ ತಲೆ ಮೇಲೆ ಮಗುಚ್ತೀನಿ."

ಬಾಖಿಮ್ ಕೆಟಲ್ ಕೆಳಗಿಟ್ಟ. "ಗೊತ್ತಾದ್ರೆ ನೀನು ಹೆದರ್ತೀಯ ಅಂತ..."

"ನಾನು? ಹೆದರೋಳು ನಾನು? ಚಂಡಮಾರುತ ಬಂದಾಗ ಮೊಣಕಾಲುದ್ದ ನೀರಲ್ಲಿ ಭರಣಿ ಹಿಡ್ಕೊಂಡು ನಿಂತೋಳು ಯಾರು? ನೀನು ಮಂಚದ ಮೇಲೆ ಹತ್ತಿ ಕೂತಿದ್ದೆ! ಹೆದರಿದ್ದು ನೀವು. ನಾನು ಅತ್ರೆ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ ಅಂತ ಹೆದರಿದ್ರಿ. ನಿಮ್ಮ ಹೆದರಿಕೆ ಮುಚ್ಕೊಳ್ಳೋಕೆ ನನ್ನನ್ನ ಹುಚ್ಚಿ ಮಾಡಿದ್ರಿ. ಮೀನು ಮಾರೋನಿಗೆ ಗೊತ್ತು, ನನಗೆ ಗೊತ್ತಿಲ್ಲ! ನನ್ನ ಗಂಟಲು! ನನ್ನ ಹೊಟ್ಟೆ!"

"ಮಗ ಹೇಳಿದ..."

"ಮಗ ಹೇಳಿದ, ಡಾಕ್ಟ್ರು ಹೇಳಿದ್ರು! ನಿನಗೆ ಬಾಯಿಲ್ವಾ? ಈ ಜನ್ಮದಲ್ಲಿ ಒಂದೇ ಒಂದ್ಸಲ ನನ್ನೆದುರು ಬಾಯಿ ಬಿಡ್ಬೇಕಿತ್ತು ನೀನು, ಅವತ್ತೂ ಬಿಡ್ಲಿಲ್ಲ!"

ಅದನ್ನು ಹೇಳುತ್ತಿದ್ದಂತೆ ಕಣ್ಣು ಕತ್ತಲೆಯಾಯಿತು. ಬಾಖಿಮ್ ಎದ್ದು ಹಿಡಿಯುವಷ್ಟರಲ್ಲಿ ಅವಳು ಚಹಾದ ತಟ್ಟೆಯ ಮೇಲೆ ಕುಸಿದಿದ್ದಳು. ಮೀನಿನವನ ಮೂರು ಗಾಲಿ ಗಾಡಿಯಲ್ಲಿ, ಸೈಹುವೆಯ ತೊಡೆಯ ಮೇಲೆ ತಲೆಯಿಟ್ಟು, ಅವಳನ್ನು ದೊಡ್ಡಾಸ್ಪತ್ರೆಗೆ ಒಯ್ದರು.

ಎಚ್ಚರವಾದಾಗ ಎರಡು ಕೈಗೂ ಸೂಜಿಯಿತ್ತು. ಮೈಯ ನೀರೆಲ್ಲ ಹೋಗಿ ರಕ್ತದೊತ್ತಡ ಇಳಿದಿತ್ತು, ಕರುಳಿನ ಒಳಪದರ ಹುಣ್ಣಾಗಿತ್ತು. ಡಾಕ್ಟರ್ ಕೌ ಹಾಸಿಗೆಯ ಪಕ್ಕ ನಿಂತು, "ಸಿಮ್, ಇಷ್ಟು ದಿನದಿಂದ ಭೇದಿ ಆಗ್ತಿದ್ರೆ ಯಾಕೆ ಹೇಳ್ಲಿಲ್ಲ?" ಎಂದಳು. ದನಿಯಲ್ಲಿ ಸಿಟ್ಟಿತ್ತು.

ಗೆಕ್‌ಲುಯಿಗೆ ತಲೆ ಎತ್ತುವ ತ್ರಾಣವಿರಲಿಲ್ಲ, ಬಾಯಿಗೆ ಇತ್ತು. "ಶಕ್ತಿ ಬರೋ ಡ್ರಿಪ್ ಹಾಕಿಸ್ಕೊಂಡೋಳು ಭೇದಿ ಆಯ್ತು ಅಂತ ಡಾಕ್ಟ್ರಿಗೆ ಯಾಕೆ ಹೇಳ್ತಾಳೆ? ನೀವೇನು ನನಗೆ ಹೇಳಿದ್ರಾ? ನನ್ನ ಹೊರಗೆ ಕೂರಿಸಿದ್ರಿ. ಹೊರಗೆ ಕೂತೋಳ ಹೊಟ್ಟೆ ಸುದ್ದಿ ನಿಮಗೆ ಒಳಗೆ ಹ್ಯಾಗೆ ಬರ್ಬೇಕು?"

ಡಾಕ್ಟರ್ ಕೌ ಸ್ಟೂಲು ಎಳೆದುಕೊಂಡು ಕೂತಳು. ಅಷ್ಟು ತಿಂಗಳಲ್ಲಿ ಅವಳು ಗೆಕ್‌ಲುಯಿಯ ಹತ್ತಿರ ಕೂತದ್ದು ಅದೇ ಮೊದಲು.

"ಗಡ್ಡೆ ಬಹಳ ಕಿಲಾಡಿ ಸಿಮ್. ಮೈಯಲ್ಲಿ ಕಾವಲು ಕಾಯೋ ಕಣಗಳಿಗೆ, ನಾನು ನಿಮ್ಮವನೇ ಅಂತ ನಂಬಿಸಿ ಮಲಗಿಸಿಬಿಡುತ್ತೆ. ಈ ಔಷಧ ಅವುಗಳನ್ನ ಎಬ್ಬಿಸುತ್ತೆ. ಎದ್ದ ಕಾವಲು ಗಡ್ಡೇನ ಹೊಡೆಯುತ್ತೆ. ನಿಮ್ಮಲ್ಲಿ ಚೆನ್ನಾಗೇ ಹೊಡೀತು. ಆದ್ರೆ ಕೆಲವರಲ್ಲಿ ಅದು ಅಲ್ಲಿಗೆ ನಿಲ್ಲಲ್ಲ, ಸ್ವಂತ ಕರುಳನ್ನೂ ಹೊಡೆಯೋಕೆ ಹೋಗುತ್ತೆ. ಬೇಗ ಗೊತ್ತಾಗಿದ್ರೆ ಮಾತ್ರೇಲಿ ಹೋಗ್ತಿತ್ತು. ಈಗ ಸ್ಟೀರಾಯ್ಡ್ ಜೋರಾಗಿ ಕೊಟ್ಟು ಆ ಕಾವಲನ್ನ ಸುಮ್ಮನಾಗಿಸ್ಬೇಕು."

"ನನ್ನದೇ ಕಣ ಅಲ್ವಾ," ಎಂದಳು ಗೆಕ್‌ಲುಯಿ. "ಜಗಳಕ್ಕೆ ನಿಂತ್ರೆ ಮನೆಯೋರು ಹೊರಗಿನೋರು ಅಂತ ನೋಡಲ್ಲ."

ಸ್ಟೀರಾಯ್ಡಿಗೆ ಕರುಳು ಬಗ್ಗಿತು. ಮೊದಲು ರಕ್ತ ನಿಂತಿತು, ಆಮೇಲೆ ಭೇದಿ. ಗೆಕ್‌ಲುಯಿ ಎದ್ದು ಕೂತು ನರ್ಸುಗಳನ್ನು ಬೈಯುವಷ್ಟಾದಳು. ಬಾಖಿಮ್ ದಿನವೂ ಗಂಜಿ ತರುತ್ತಿದ್ದ, ಅವಳು ಗಂಜಿ ತೆಗೆದುಕೊಂಡು ಅವನತ್ತ ಬೆನ್ನು ತಿರುಗಿಸುತ್ತಿದ್ದಳು. ಮಗ ಕಾಲ ಬಳಿ ಕೂತು ತಲೆ ತಗ್ಗಿಸಿರುತ್ತಿದ್ದ. ಮಾತಿಗೆ ಮಾತು ಬೆಳೆಯಲಿ ಎಂದು ಅವಳಿಗೂ ಇತ್ತು, ಆದರೆ ಇಬ್ಬರೂ ಬಾಯೇ ಬಿಡುತ್ತಿರಲಿಲ್ಲ. ಹಾಳಾದವರು, ತಪ್ಪಾಯಿತು ಎನ್ನಲೂ ಬಾರದವರು.

ಸ್ಕ್ಯಾನ್ ಆದ ಮೇಲೆ ಒಂದು ಬೆಳಿಗ್ಗೆ ಡಾಕ್ಟರ್ ಕೌ ವಾರ್ಡಿನ ಬಾಗಿಲಲ್ಲಿ ನಿಂತು, ಅಭ್ಯಾಸಬಲದಿಂದ, "ತೆಖಾಯಿ, ಸ್ವಲ್ಪ ಹೊರಗೆ ಬನ್ನಿ" ಎಂದಳು. ಮಗ ಎದ್ದ.

"ಅವನು ಹೊರಗೆ ಹೋಗ್ಲಿ," ಎಂದಳು ಗೆಕ್‌ಲುಯಿ. "ಹೋಗಿ ಬೆಂಚಿನ ಮೇಲೆ ಕೂತ್ಕೊಳ್ಳೋ. ನೀವು ಒಳಗೆ ಬನ್ನಿ ಡಾಕ್ಟ್ರೆ. ಕೂತ್ಕೊಳ್ಳಿ. ಹೇಳಿ."

ಡಾಕ್ಟರ್ ಕೌ ಮಗನ ಮುಖ ನೋಡಿದಳು.

"ಅಲ್ಲಿ ಏನು ನೋಡ್ತೀರಿ? ಗಡ್ಡೆ ಇಲ್ಲಿದೆ!" ಗೆಕ್‌ಲುಯಿ ತನ್ನ ಎದೆಯ ಮೇಲೆ ಬಡಿದುಕೊಂಡಳು.

ತೆಖಾಯಿ ಹೊರಗೆ ಹೋದ. ಡಾಕ್ಟರ್ ಕೌ ಕೂತು ಹೇಳಿದಳು. ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿದೆ. ಕುತ್ತಿಗೆಯ ಗಂಟುಗಳೂ ಸಣ್ಣಗಾಗಿವೆ. ಆದರೆ ಈ ಔಷಧವನ್ನು ಇನ್ನು ಕೊಡುವಂತಿಲ್ಲ, ಕೊಟ್ಟರೆ ಕರುಳು ತೂತು ಬೀಳಬಹುದು. ಮುಂದೆ ಉಳಿದದ್ದು ಕೀಮೋ ಮತ್ತು ರೇಡಿಯೇಷನ್. ಕಷ್ಟವಿದೆ. ವಾಂತಿ, ಸುಸ್ತು, ಕೂದಲು ಹೋಗುವುದು. ಪೂರ್ತಿ ವಾಸಿಯಾಗುತ್ತದೆಂದು ಹೇಳಲಾರೆ, ಒಂದಷ್ಟು ವರ್ಷ ಸಿಗಬಹುದು, ಸಿಗದೆಯೂ ಇರಬಹುದು.

ಗೆಕ್‌ಲುಯಿ ಅಷ್ಟನ್ನೂ ಬಾಯಿ ಹಾಕದೆ ಕೇಳಿದಳು. ಆಮೇಲೆ, "ಆ ಕೀಮೋ ಮೊದಲೇ ಯಾಕೆ ಕೊಡ್ಲಿಲ್ಲ?" ಎಂದಳು.

"ಎರಡೂ ಒಟ್ಟಿಗೆ ಕೊಡೋದು ವಾಡಿಕೆ. ನಾನೂ ಹಾಗೇ ಹೇಳ್ದೆ. ನಿಮ್ಮ ಮಗ ಕೀಮೋ ಬೇಡ ಅಂದ್ರು."

"ಯಾಕಂತೆ?"

"ಕೂದಲು ಉದುರಿದ್ರೆ ಅಮ್ಮನಿಗೆ ಗೊತ್ತಾಗಿಬಿಡುತ್ತೆ ಅಂದ್ರು. ಇಮ್ಯುನೋಥೆರಪಿ ಒಂದನ್ನೇ ಕೇಳಿದ್ರು. ನಿಮ್ಮ ಗಡ್ಡೆಯ ಪರೀಕ್ಷೆ ನೋಡಿದ್ರೆ ಈ ಔಷಧಕ್ಕೆ ಬಗ್ಗೋ ಲಕ್ಷಣ ಇತ್ತು, ಅದಕ್ಕೆ ನಾನೂ ಒಪ್ಪಿದೆ."

"ಎರಡೂ ಕೊಟ್ಟಿದ್ರೆ?"

"ಇನ್ನೂ ಚೆನ್ನಾಗಿ ಆಗಿರಬಹುದಿತ್ತು. ಖಂಡಿತ ಅಂತ ಹೇಳೋಕಾಗಲ್ಲ. ಆದ್ರೆ ಆಗಿರಬಹುದಿತ್ತು." ಡಾಕ್ಟರ್ ಕೌ ತಲೆ ತಗ್ಗಿಸಿದಳು. "ನಿಮ್ಮನ್ನ ಕೇಳ್ಬೇಕಿತ್ತು ಸಿಮ್. ನನ್ನದೂ ತಪ್ಪು."

ಗೆಕ್‌ಲುಯಿ ಕಿಟಕಿಯ ಕಡೆ ನೋಡಿದಳು. ತನಗೆ ತಿಳಿಯಬಾರದು ಎಂಬ ಒಂದೇ ಕಾರಣಕ್ಕೆ ತನಗೆ ಸಿಗಬೇಕಾದ ಅರ್ಧ ಔಷಧವನ್ನು ತನ್ನವರೇ ಕಿತ್ತುಕೊಂಡಿದ್ದರು. ಅವಳನ್ನು ಉಳಿಸಿಕೊಳ್ಳುವುದಕ್ಕಿಂತ ಸುಳ್ಳನ್ನು ಉಳಿಸಿಕೊಳ್ಳುವುದು ದೊಡ್ಡದಾಗಿತ್ತು. ಬೈಯಲು ಮಾತು ಹುಡುಕಿದಳು. ಇಡೀ ಆಯುಷ್ಯ ಬೈದವಳಿಗೆ ಇದಕ್ಕೆ ತಕ್ಕ ಬೈಗುಳ ಒಂದೂ ಸಿಗಲಿಲ್ಲ.

"ಕೊಡಿ ಆ ಕೀಮೋ, ರೇಡಿಯೇಷನ್ನು," ಎಂದಳು ಕೊನೆಗೆ. "ಯಾವಾಗ ಏನಾಗುತ್ತೆ ಅಂತ ನನಗೆ ಹೇಳಿ, ಏನಾಯ್ತು ಅಂತ ನಾನು ಹೇಳ್ತೀನಿ. ಸಾಕು ಅನ್ನಿಸಿದ ದಿನ ಸಾಕು ಅನ್ನೋಳೂ ನಾನೇ. ಈಗ ಆ ನನ್ಮಗನ್ನ ಒಳಗೆ ಕಳಿಸಿ."

ತೆಖಾಯಿ ಬಂದು ಹಾಸಿಗೆಯ ಅಂಚಿನಲ್ಲಿ ನಿಂತ. ಗೆಕ್‌ಲುಯಿ ಡಾಕ್ಟರು ಹೇಳಿದ್ದಷ್ಟನ್ನೂ ಒಂದೂ ಬಿಡದೆ, ಒಂದನ್ನೂ ಮೆತ್ತಗೆ ಮಾಡದೆ ಅವನಿಗೆ ಹೇಳಿದಳು. ಗಡ್ಡೆ ಕುಗ್ಗಿದ್ದು, ಔಷಧ ನಿಂತದ್ದು, ಕೀಮೋ ಮೊದಲೇ ಕೊಡಬಹುದಾಗಿದ್ದದ್ದು, ಅದನ್ನು ಬೇಡವೆಂದವನು ಅವನೆಂದು ತನಗೆ ಗೊತ್ತಾದದ್ದು. ಕೇಳುತ್ತಾ ಕೇಳುತ್ತಾ ನಲವತ್ತರ ಗಂಡಸಿನ ಮುಖ ಮುದುಡಿತು, ಭುಜ ಅಲುಗತೊಡಗಿತು, "ಅಮ್ಮಾ" ಎಂದು ಅವಳ ಪಾದ ಹಿಡಿದುಕೊಂಡ.

"ನಿಲ್ಸು," ಎಂದಳು ಗೆಕ್‌ಲುಯಿ. "ಅಳ್ಬೇಡ. ಅವತ್ತು ನೀನು ಮುಖ ತೊಳ್ಕೊಂಡು ಬಂದಿದ್ದು ಯಾಕೆ ಅಂತ ಈಗ ಗೊತ್ತು, ಮೆಟ್ಟಿಲ ಹತ್ರ ಅತ್ತಿದೀಯ. ನಿಮ್ಮಪ್ಪ ಚಹಾ ಕುಡೀತಾ ಊರೋರ ಮುಂದೆ ಅತ್ತಿದಾನೆ. ಆ ಮೂಲಂಗಿ ಮೋರೆ ಪೇಟೆ ನಡುವೆ ಕೂತು ಅತ್ಲು. ನನ್ನ ಕಾಯಿಲೆಗೆ ಎಲ್ಲರೂ ಅತ್ತು ಮುಗಿಸಿದೀರ, ನಾನೊಬ್ಬಳೇ ಇನ್ನೂ ಅತ್ತಿಲ್ಲ. ಈಗ ನಾನು ಅಳ್ತೀನಿ. ನೀನು ಕಣ್ಣೊರೆಸ್ಕೊಂಡು ಅಲ್ಲಿ ಕೂತ್ಕೋ."

ತೆಖಾಯಿ ಸ್ಟೂಲಿನ ಮೇಲೆ ಕೂತ. ಗೆಕ್‌ಲುಯಿ ಅಳತೊಡಗಿದಳು. ಬೈದಷ್ಟೇ ಗಟ್ಟಿಯಾಗಿ, ಎದೆ ಬಡಿದುಕೊಂಡು, ತನ್ನ ಹೆಸರನ್ನು ತಾನೇ ಕೂಗಿಕೊಂಡು ಅತ್ತಳು. ಪಕ್ಕದ ಹಾಸಿಗೆಯವರು, ಅದರಾಚೆಯವರು ಎಲ್ಲ ಎದ್ದು ಕೂತು ನೋಡಿದರು. ನರ್ಸೊಬ್ಬಳು ಓಡಿಬಂದು ವಾರ್ಡಿನ ಬಾಗಿಲಿಗೆ ಕೈ ಹಾಕಿದಳು.

"ಮುಚ್ಚಬೇಡ," ಎಂದಳು ಗೆಕ್‌ಲುಯಿ ಅಳುವಿನ ನಡುವೆಯೇ. "ತೆಗೆದಿರ್ಲಿ."